ಹೊಲಿಗೆಯಿಲ್ಲದ ಆನೆ

ಆನೆ ಶುರುವಾಗುವುದು ಹಿಂಬದಿಯಿಂದ. ಚಿತ್ರ ಬರೆಯುವಾಗ ನಾವೆಲ್ಲ ಸೊಂಡಿಲಿನಿಂದಲೋ ಬೆನ್ನಿನ ಗೆರೆಯಿಂದಲೋ ಹೊರಡುತ್ತೇವೆ. ಉಲ್ಲನ್ ಆನೆಗೆ ಮಾತ್ರ ಮೊದಲು ಬಾಲದ ಜಾಗದಲ್ಲಿ 6 ಕುಣಿಕೆ ಹಾಕಬೇಕು. ಮೂರು ಕಡ್ಡಿಗಳ ಮೇಲೆ ಎರಡೆರಡರಂತೆ ಅವನ್ನು ಹಂಚಿ, ಕಡ್ಡಿಗಳನ್ನು ತ್ರಿಕೋನವಾಗಿ ಹಿಡಿದು, ನಾಲ್ಕನೆಯ ಕಡ್ಡಿಯಿಂದ ಹೆಣೆಯುತ್ತ ಸುತ್ತು ಬರಬೇಕು. 6 ಇದ್ದದ್ದು 12 ಆಗುತ್ತದೆ, 12 ಇದ್ದದ್ದು 18. ಹಾಗೇ ಬೆಳೆದು 36ಕ್ಕೆ ಬಂದಾಗ ಅಂಗೈಯಲ್ಲಿ ಪುಟ್ಟ ಬಟ್ಟಲಿನಂತೆ ಆನೆಯ ಹಿಂಭಾಗ ಕುಳಿತಿರುತ್ತದೆ.

ನನಗೆ ಇದನ್ನು ಕಲಿಸುತ್ತಿರುವವರು ಬಸವೇಶ್ವರನಗರದ ಕೆ.ಎಚ್.ಬಿ. ಕಾಲೊನಿಯಲ್ಲಿ ನಮ್ಮ ಕೆಳಗಿನ ಮನೆಯ ಅಜ್ಜಿ. ಮೂಲತಃ ಧಾರವಾಡದ ಕಡೆಯವರು. ಮದುವೆಯಾಗಿ ಬೆಂಗಳೂರಿಗೆ ಬಂದು ಐವತ್ತು ವರ್ಷ ದಾಟಿದರೂ ಮಾತು ಅಲ್ಲಿಯದೇ. ಅವರ ಕಡ್ಡಿಗಳು ಅಂಗಡಿಯವಲ್ಲ, ಸೈಕಲ್ ಚಕ್ರದ ಕಡ್ಡಿಗಳು. ಅವರ ಯಜಮಾನರು ಎರಡೂ ತುದಿಯನ್ನು ಕಲ್ಲಿಗೆ ಉಜ್ಜಿ ಚೂಪು ಮಾಡಿಕೊಟ್ಟದ್ದಂತೆ. ಉಲ್ಲನ್ ಮಾತ್ರ ನಾನು ಹಾವನೂರು ಸರ್ಕಲ್ ಹತ್ತಿರದ ಫ್ಯಾನ್ಸಿ ಸ್ಟೋರಿನಿಂದ ತಂದದ್ದು. ಬೂದು ಬಣ್ಣ ಸಿಗದೆ ನೀಲಿ ತಂದೆ.

"ಆನಿ ನೀಲಿ ಇರ್ತೈತೇನೋ ತಮ್ಮಾ?" ಎಂದರು ಅಜ್ಜಿ. ಆಮೇಲೆ ತಾವೇ, "ಇರಲಿ ಬಿಡು, ಕೂಸಿಗೆ ಏನ್ ಗೊತ್ತಾಗ್ತೈತಿ" ಎಂದು ಉಂಡೆಯನ್ನು ಮಡಿಲಿಗೆ ಹಾಕಿಕೊಂಡರು.

ಕೂಸು ಇನ್ನೂ ಹುಟ್ಟಿಲ್ಲ. ಅಜ್ಜಿಯ ಮೊಮ್ಮಗಳಿಗೆ ಇದು ಏಳನೇ ತಿಂಗಳು. ಆ ಮನೆಯ ಪ್ರತಿ ಮಗುವಿಗೂ ಅಜ್ಜಿ ಒಂದು ಕುಲಾವಿ, ಒಂದು ಆನೆ ಹೆಣೆದುಕೊಟ್ಟಿದ್ದಾರೆ. ಈ ಸಲ ಎಣಿಕೆ ತಪ್ಪುತ್ತಿದೆ. ಹೆಸರುಗಳೂ ತಪ್ಪುತ್ತಿವೆ, ನನ್ನನ್ನು ಒಂದೆರಡು ಬಾರಿ ತೀರಿಹೋದ ತಮ್ಮನ ಹೆಸರಿನಿಂದ ಕರೆದರು. ಆನೆ ಮಾಡುವ ಬಗೆಯನ್ನು ಅವರು ಎಲ್ಲೂ ಬರೆದಿಟ್ಟವರಲ್ಲ. ಅವರ ಮಗಳು ಬಂದು, "ನೀವು ಹಿಸ್ಟರಿ ಓದೋರು, ಕೇಳಿ ಬರ್ಕೊಳೋದು ಅಭ್ಯಾಸ ಇರುತ್ತಲ್ಲ, ಅಮ್ಮನ ಹತ್ತಿರ ಕೂತು ಬರ್ಕೊಂಡುಬಿಡಿ" ಎಂದರು. ನನ್ನ ಪಿಎಚ್‌.ಡಿ. 19ನೇ ಶತಮಾನದ ಮಿಷನ್ ಶಾಲೆಗಳ ಬಗ್ಗೆ. ನೋಟ್‌ಬುಕ್ ಹಿಡಿದು ಕೂತೆ. ಒಂದು ಗಂಟೆಯಲ್ಲಿ ಒಂದು ಸಾಲೂ ಬರಲಿಲ್ಲ.

"ಕೈಗೆ ಗೊತ್ತೈತಿ. ನನ್ನ ಕೇಳಬ್ಯಾಡ" ಎಂದರು ಅಜ್ಜಿ.

ಹಾಗಾಗಿ ಪೆನ್ನು ಬಿಟ್ಟು ಕಡ್ಡಿ ಹಿಡಿಯಬೇಕಾಯಿತು. ಅವರ ಕೈ ನೋಡಿ ನನ್ನ ಕೈ ಮಾಡುವುದು, ನನ್ನ ಕೈ ಮಾಡಿದ್ದನ್ನು ರಾತ್ರಿ ಕೂತು ನಾನು ಬರೆಯುವುದು. ಬಸ್ಸಿನಲ್ಲಿ ಹೆಣೆಯಲು ಕೂತರೆ ಜನ ನೋಡುತ್ತಾರೆ, ಗಡ್ಡ ಬಿಟ್ಟ ಗಂಡಸು ಇದೇನು ಮಾಡುತ್ತಿದ್ದಾನೆ ಎಂದು. ಯುರೋಪಿನ ನಗರಗಳಲ್ಲಿ ಒಂದು ಕಾಲಕ್ಕೆ ಕೈಹೆಣಿಗೆಯ ಕಸುಬುದಾರರ ಸಂಘಗಳೇ ಇದ್ದವು, ಅವು ಗಂಡಸರ ಸಂಘಗಳು, ವರ್ಷಗಟ್ಟಲೆ ಕಲಿತು ಪರೀಕ್ಷೆಯ ತುಣುಕು ಹೆಣೆದು ತೋರಿಸಿದವನಷ್ಟೇ ಮಾಸ್ಟರ್ ಆಗುತ್ತಿದ್ದ ಎಂದು ಅವರಿಗೆಲ್ಲ ಹೇಳುತ್ತ ಕೂರಲು ಆಗುತ್ತದೆಯೇ?

ಸುತ್ತು ಹೆಣಿಗೆಯ ಗುಟ್ಟು ಸರಳ. ಎರಡು ಕಡ್ಡಿಯಲ್ಲಿ ಚಪ್ಪಟೆಯಾಗಿ ಹೆಣೆದರೆ ಒಂದು ಸಾಲು ಸೀದಾ ಹಾಕಬೇಕು, ತಿರುಗಿಸಿ ಮುಂದಿನ ಸಾಲು ಉಲ್ಟಾ ಹಾಕಬೇಕು. ಆಗ ಮಾತ್ರ ಮೇಲ್ಮೈ ನಯವಾಗಿ ಬರುತ್ತದೆ. ಸುತ್ತಿನಲ್ಲಿ ತಿರುಗಿಸುವ ಮಾತೇ ಇಲ್ಲ. ಬಟ್ಟೆಯ ಮುಖ ಯಾವಾಗಲೂ ನಿಮ್ಮ ಕಡೆಗೇ ಇರುತ್ತದೆ, ಸೀದಾ ಹಾಕುತ್ತ ಹೋದರೆ ಸಾಕು. ಅಂಚು ಎಂಬುದಿಲ್ಲ, ಆದ್ದರಿಂದ ಹೊಲಿಗೆಯೂ ಇಲ್ಲ. ಒಂದೇ ಕಷ್ಟವೆಂದರೆ ಒಂದು ಕಡ್ಡಿಯಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ ದಾರ ಸಡಿಲವಾಗಿ ಏಣಿಯ ಹಾಗೆ ಸಂದು ಬೀಳುತ್ತದೆ. ದಾಟಿದ ಮೊದಲ ಕುಣಿಕೆಯನ್ನು ಬಿಗಿಯಾಗಿ ಎಳೆಯಬೇಕು. ನನ್ನ ಆನೆಯ ಎಡಮಗ್ಗುಲಲ್ಲಿ ಇಂಥ ಒಂದು ಏಣಿ ಈಗಲೂ ಇದೆ.

ಮನೆಯಲ್ಲಿ ಬನಿಯನ್ ಇದ್ದರೆ ತಿರುವಿ ನೋಡಿ. ಬಹುಪಾಲು ಬನಿಯನ್ನುಗಳ ಪಕ್ಕದಲ್ಲಿ ಹೊಲಿಗೆ ಇರುವುದಿಲ್ಲ, ಅದು ಕೊಳವೆಯಾಗಿಯೇ ಹೆಣೆದ ಬಟ್ಟೆ. ವಿಚಿತ್ರವೆಂದರೆ ಯಂತ್ರಕ್ಕೆ ಈ ವಿದ್ಯೆ ತಡವಾಗಿ ಬಂತು. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಮಾಡಿದ ಹೆಣಿಗೆ ಯಂತ್ರ ಚಪ್ಪಟೆ ತುಣುಕು ಹೆಣೆಯುತ್ತಿತ್ತು, ಕಾಲುಚೀಲಕ್ಕೆ ಹಿಂದೆ ಹೊಲಿಗೆ ಹಾಕಬೇಕಿತ್ತು. ಸುತ್ತ ಹೆಣೆಯುವ ಯಂತ್ರಕ್ಕೆ ಮಾರ್ಕ್ ಬ್ರುನೆಲ್ ಪೇಟೆಂಟ್ ಪಡೆದದ್ದು 1816ರಲ್ಲಿ. ಕೈ ಇದನ್ನು ಅದಕ್ಕೂ ಎಷ್ಟೋ ಶತಮಾನ ಮೊದಲೇ ಬಲ್ಲದು. ಜರ್ಮನಿಯ ಹ್ಯಾಂಬರ್ಗ್ ಕಲಾಮಂದಿರದಲ್ಲಿ ಮಾಸ್ಟರ್ ಬರ್ಟ್ರಾಮ್ ಪರಂಪರೆಯ ಒಂದು ಚಿತ್ರವಿದೆ. ಅದು 1400ರ ಸುಮಾರಿನದು. ಅದರಲ್ಲಿ ಮಾತೆ ಮೇರಿ ಮಗುವಿನ ಅಂಗಿಯ ಕುತ್ತಿಗೆಯನ್ನು ಸುತ್ತಲೂ ಕಡ್ಡಿ ಹಾಕಿ ಹೆಣೆಯುತ್ತಿದ್ದಾಳೆ. ಏಸುವಿನ ಅಂಗಿಗೆ ಹೊಲಿಗೆ ಇರಲಿಲ್ಲ ಎಂಬ ಬೈಬಲ್ಲಿನ ಮಾತು ಚಿತ್ರಕಾರನ ಮನಸ್ಸಿನಲ್ಲಿದ್ದಿರಬೇಕು.

ಅದಕ್ಕೂ ಹಿಂದೆ ಹೋದರೆ ಸಿಗುವುದು ಈಜಿಪ್ಟ್. ಅಲ್ಲಿನ ಮಧ್ಯಯುಗದ ನೀಲಿ-ಬಿಳಿ ಕಾಲುಚೀಲಗಳು, ತುಣುಕುಗಳು ಲೋಕದ ವಸ್ತುಸಂಗ್ರಹಾಲಯಗಳಲ್ಲಿವೆ. ಅವು ಹತ್ತಿಯವು. ಹೆಣಿಗೆ ಎಂದರೆ ಚಳಿದೇಶದ ಉಣ್ಣೆಯ ಕೆಲಸ ಎಂದುಕೊಂಡಿದ್ದ ನನಗೆ ಇದು ಬಿಸಿಲ ನಾಡಿನಲ್ಲಿ, ಹತ್ತಿ ನೂಲಿನಲ್ಲಿ ಸಿಕ್ಕಾಗ ಆಶ್ಚರ್ಯವಾಯಿತು. ಚಳಿಗಾಗಿ ಬಂದದ್ದಲ್ಲವಾದರೆ ಇದು ನಮ್ಮಲ್ಲಿಗೆ ಯಾಕಾಗಿ ಬಂತು?

ಉಣ್ಣೆ ನಮಗೆ ಹೊಸದಲ್ಲ. ಕುರಿಯ ಹಿಂದೆ ನಡೆಯುತ್ತಲೇ ನೂಲು ತೆಗೆಯುವ ಕುರುಬರು, ಚಳ್ಳಕೆರೆಯ ಕಡೆಯ ಕಂಬಳಿ, ಇವೆಲ್ಲ ಹಳೆಯವು. ಆದರೆ ಕಂಬಳಿ ನೇಯುವುದು, ಹೆಣೆಯುವುದಲ್ಲ. 1884ರಲ್ಲಿ ಶುರುವಾಗಿ ಮುಂದೆ ಬಿನ್ನಿಯವರ ಕೈಗೆ ಹೋದ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಲಿನದೂ ನೇಯ್ಗೆಯೇ. 'ಹೆಣೆ' ಎಂಬ ಮಾತು ನಮ್ಮಲ್ಲಿ ಜಡೆಗೆ, ಚಾಪೆಗೆ, ಬುಟ್ಟಿಗೆ, ಕತೆಗೆ ಇತ್ತು. ಕಡ್ಡಿಯಿಂದ ಕುಣಿಕೆಯೊಳಗೆ ಕುಣಿಕೆ ಎಳೆಯುವ ಕೆಲಸ ಬಂದಾಗ ಕನ್ನಡ ಹೊಸ ಪದ ಹುಡುಕದೆ ಹಳೆಯದನ್ನೇ ಹಿಗ್ಗಿಸಿತು. ಕುಲಾವಿಯ ಕತೆಯೂ ಹಾಗೆಯೇ. ಪಾರಸಿಯ ಟೊಪ್ಪಿಗೆಯ ಹೆಸರು ನಮ್ಮ ಕೂಸುಗಳ ತಲೆಗೆ ಬಂದು ಬಟ್ಟೆಯಲ್ಲಿ ಹೊಲಿಸಿಕೊಂಡು, ಆಮೇಲೆ ಉಲ್ಲನ್ನಿಗೆ ಇಳಿಯಿತು. ಅಜ್ಜಿಯ ಬಾಯಲ್ಲಿರುವ ಸೀದಾ-ಉಲ್ಟಾ ಹಿಂದಿಯ ದಾರಿಯಿಂದ ಬಂದವು. ಅವರ ಮಗಳು ಅದನ್ನೇ ನಿಟ್-ಪರ್ಲ್ ಎನ್ನುತ್ತಾರೆ.

ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ ಹೋದರು. ಅವರ ಅಚ್ಚುಕೂಟ, ಹೆಂಚಿನ ಕಾರ್ಖಾನೆ, 1843ರ 'ಮಂಗಳೂರ ಸಮಾಚಾರ', ಕಿಟೆಲ್ ನಿಘಂಟು ಎಲ್ಲರಿಗೂ ಗೊತ್ತು. ಅವರ ಹೆಂಡಂದಿರು ನಡೆಸಿದ ಹೆಣ್ಣುಮಕ್ಕಳ ಶಾಲೆಗಳು ಅಷ್ಟು ಗೊತ್ತಿಲ್ಲ. ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನ ಬೆಂಜಮಿನ್ ರೈಸರ ಹೆಂಡತಿ, ಅಂದರೆ ನಮ್ಮ ಶಾಸನಗಳ ಬಿ.ಎಲ್. ರೈಸರ ತಾಯಿ, 1840ರ ದಶಕದಲ್ಲಿ ಕನ್ನಡ ಹೆಣ್ಣುಮಕ್ಕಳಿಗೆ ಶಾಲೆ ನಡೆಸುತ್ತಿದ್ದರು. ಇಂಥ ಶಾಲೆಗಳಲ್ಲಿ ಓದಿನ ಜೊತೆ ಹೊಲಿಗೆ, ಹೆಣಿಗೆ, ಕಸೂತಿ ಇರುತ್ತಿದ್ದವು. ಮಂಗಳೂರಿನ ಸೆಕೆಯಲ್ಲಿ ಹುಡುಗಿಯರಿಗೆ ಹೆಣಿಗೆ!

ಕಾರಣ ಹವೆಯಲ್ಲಿರಲಿಲ್ಲ. ಬಾಸೆಲ್ ಮಿಷನ್ನಿನವರಲ್ಲಿ ಬಹಳ ಜನ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಮೊಗ್ಲಿಂಗ್ ಅಲ್ಲಿಯವನು, ಗುಂಡರ್ಟ್ ಅಲ್ಲಿಯವನು. ಆ ಸೀಮೆಯಲ್ಲಿ ಬಡವರ ಮಕ್ಕಳನ್ನು ಕೂರಿಸಿ ಹೆಣಿಗೆ ಕಲಿಸುವ ಕೈಕಸುಬಿನ ಶಾಲೆಗಳು 18ನೇ ಶತಮಾನದ ಕೊನೆಯಿಂದಲೇ ಇದ್ದವು. ಕೈ ಖಾಲಿ ಬಿದ್ದರೆ ಮನಸ್ಸು ಕೆಡುತ್ತದೆ ಎಂಬ ನಂಬಿಕೆ ಅವರದು. ಇಂಗ್ಲೆಂಡಿನಲ್ಲಿ 1862ರ ಶಿಕ್ಷಣ ಸಂಹಿತೆ ಅನುದಾನ ಪಡೆಯುವ ಶಾಲೆಗಳ ಹುಡುಗಿಯರಿಗೆ ಸೂಜಿ ಕೆಲಸವನ್ನು ಕಡ್ಡಾಯ ಮಾಡಿತು. ಹೀಗೆ ಹೆಣಿಗೆ ನಮ್ಮ ಹುಡುಗಿಯರ ಬಳಿಗೆ ಬೆಚ್ಚಗಿರಿಸಲು ಬಂದದ್ದಲ್ಲ, ಕೈಯನ್ನು ಶಿಸ್ತಿಗೆ ಹಚ್ಚಲು ಬಂದದ್ದು. ವರದಿಗಳಲ್ಲಿ ಅದು ಹುಡುಗಿಯರ ಸಂಖ್ಯೆಯಾಗಿ, ಮಿಷನ್ ಮಾರಾಟಕ್ಕಿಟ್ಟ ವಸ್ತುವಾಗಿ ಕಾಣುತ್ತದೆ. ಹೆಣೆದ ಕೈ ಯಾವುದು ಎಂದು ಕೇಳಿದರೆ ಪುಟ ತಿರುವಿದಷ್ಟೂ ಮೌನ.

ಇದನ್ನೆಲ್ಲ ಒಂದು ಮಧ್ಯಾಹ್ನ ಅಜ್ಜಿಗೆ ಹೇಳಿದೆ. ಅವರು ಕಡ್ಡಿ ಕೆಳಗಿಟ್ಟು ಸುಮ್ಮನೆ ಕೂತರು. ಆಮೇಲೆ ತಮ್ಮೂರಿನ ಶಾಲೆಯ ಸುದ್ದಿ ತೆಗೆದರು. ಅದು ಮಿಷನ್ ಶಾಲೆಯಲ್ಲ, ನಮ್ಮವರದೇ. ಹೆಣಿಗೆಯ ಪೀರಿಯಡ್ಡಿಗೆ ಕಾಲುಚೀಲ ಹಾಕಬೇಕಿತ್ತು. ಮನೆಯಲ್ಲಿ ಕಾಲುಚೀಲ ಹಾಕಿಕೊಳ್ಳುವವರು ಒಬ್ಬರೂ ಇರಲಿಲ್ಲ, ಚಪ್ಪಲಿಗೇ ಕಷ್ಟ. ಹಿಮ್ಮಡಿ ತಿರುಗಿಸುವಲ್ಲಿ ಎರಡು ಕುಣಿಕೆ ತಪ್ಪಿತು. ಟೀಚರು ಎಲ್ಲರ ಮುಂದೆ ಕಡ್ಡಿ ಎಳೆದು ಪೂರ್ತಿ ಬಿಚ್ಚಿಸಿದರು.

"ಪೂರಾ ಬಿಚ್ಚಿದ್ರು ನೋಡು. ಬಟ್ಟಿ ಇದ್ದದ್ದು ದಾರ ಆಗಿ ನೆಲಕ್ಕ ಬಿತ್ತು. ಅವತ್ತಿಂದ ಇವತ್ತಿನ ತನಕ ಒಂದು ಕಾಲಚೀಲ ಹಾಕಿಲ್ಲ ನಾ."

ಆನೆಯನ್ನು ಯಾರೂ ಕಲಿಸಲಿಲ್ಲವಂತೆ. ಮೊದಲ ಮಗು ಹುಟ್ಟಿದಾಗ ಕುಲಾವಿ ಹೆಣೆಯುತ್ತಿದ್ದರು. ಅಂಚು ಮುಚ್ಚಿ ಬೋರಲಾಗಿ ಇಟ್ಟು ನೋಡಿದರೆ ಅದು ಆನೆಯ ಬೆನ್ನಿನಂತೆ ಕಂಡಿತಂತೆ. ಕುಲಾವಿಗೆ ಸೊಂಡಿಲು ಬಂದದ್ದು ಹಾಗೆ.

ಈ ಮಾತು ಕೇಳಿದಾಗ ನೆನಪಾದವಳು ಮಾರ್ಗರೇಟ್ ಸ್ಟೈಫ್. 1847ರಲ್ಲಿ, ಅದೇ ವುರ್ಟೆಂಬರ್ಗಿನ ಗೀಂಗೆನ್ ಎಂಬ ಊರಿನಲ್ಲಿ ಹುಟ್ಟಿದವಳು. ಕೂಸಾಗಿದ್ದಾಗಲೇ ಪೋಲಿಯೊ ತಗುಲಿ ಕಾಲು ಎರಡೂ ಹೋದವು, ಬಲಗೈಯಲ್ಲಿ ಶಕ್ತಿ ಇರಲಿಲ್ಲ. ಹಟ ಹಿಡಿದು ಹೊಲಿಗೆ ಶಾಲೆಗೆ ಹೋದಳು. ಹೊಲಿಗೆ ಯಂತ್ರವನ್ನು ಹಿಂದುಮುಂದಾಗಿ ತಿರುಗಿಸಿಟ್ಟುಕೊಂಡು ಎಡಗೈಯಿಂದ ಚಕ್ರ ತಿರುಗಿಸುತ್ತಿದ್ದಳು. 1879ರ ಡಿಸೆಂಬರಿನ 'ಮೋಡೆನ್‌ವೆಲ್ಟ್' ಪತ್ರಿಕೆಯಲ್ಲಿ ಒಂದು ಆನೆಯ ನಮೂನೆ ಬಂದಿತ್ತು. ಅದನ್ನು ನೋಡಿ ಉಣ್ಣೆಯ ಫೆಲ್ಟಿನಲ್ಲಿ ಪುಟ್ಟ ಆನೆಗಳನ್ನು ಹೊಲಿದಳು. ಅವು ಸೂಜಿ ಚುಚ್ಚಿಡುವ ದಿಂಬುಗಳು, ಅಂದರೆ ಕೆಲಸದ ಸಾಮಾನು. ಮಕ್ಕಳು ಅವನ್ನು ಎತ್ತಿಕೊಂಡು ಆಡತೊಡಗಿದವು. 1886ರ ಹೊತ್ತಿಗೆ 5,000ಕ್ಕೂ ಹೆಚ್ಚು ಆನೆಗಳು ಮಾರಾಟವಾಗಿದ್ದವು. ಲೋಕಕ್ಕೆ ಸ್ಟೈಫ್ ಎಂದರೆ ಈಗ ಟೆಡ್ಡಿ ಕರಡಿ. ಆದರೆ ಮೊದಲು ಬಂದದ್ದು ಆನೆ. ಗೊಂಬೆಯ ಕಿವಿಗೆ ಹಾಕಿದ ಆ ಕಂಪನಿಯ ಮೊದಲ ಗುಂಡಿಯ ಮೇಲಿದ್ದದ್ದೂ ಆನೆಯ ಚಿತ್ರವೇ. ಗೀಂಗೆನ್ನಿನ ಆನೆಗೂ ಮಂಗಳೂರಿನ ಹೆಣಿಗೆ ತರಗತಿಗೂ ಗಂಟು ಹಾಕುವ ಆಸೆ ನನಗೆ ಬಹಳ. ನನ್ನ ಗೈಡ್ ಒಪ್ಪುವುದಿಲ್ಲ, ಒಪ್ಪಲೂಬಾರದು.

ಮಾರ್ಗರೇಟಳ ಆನೆ ಲೆಕ್ಕದ ಪುಸ್ತಕಕ್ಕೆ ಹೋಯಿತು, ಆದ್ದರಿಂದ ಇತಿಹಾಸಕ್ಕೂ ಹೋಯಿತು. ಎಲ್ಲರ ಕೈಕೆಲಸಕ್ಕೂ ಆ ಅದೃಷ್ಟವಿಲ್ಲ, ಮಾರಾಟವಾದರೂ ಇಲ್ಲ. ಆಂಧ್ರದ ನರಸಾಪುರದಲ್ಲಿ ಮಿಷನರಿಗಳು ತಂದ ಕ್ರೋಶಾ ಲೇಸಿನ ಬಗ್ಗೆ ಮಾರಿಯಾ ಮೀಸ್ 1982ರಲ್ಲಿ ಒಂದು ಪುಸ್ತಕ ಬರೆದರು. ಅಲ್ಲಿನ ಹೆಂಗಸರು ಹೆಣೆದ ಲೇಸು ಹೊರದೇಶಗಳಿಗೆ ಹೋಗುತ್ತಿತ್ತು. ಊರಿನ ಗಂಡಸರು ಅವರನ್ನು ಮನೆಯಲ್ಲಿ ಸುಮ್ಮನೆ ಕೂತ ಗೃಹಿಣಿಯರು ಎಂದೇ ಹೇಳುತ್ತಿದ್ದರು. ಕೂತು ಮಾಡುವ ಕೆಲಸ ಕೆಲಸವೇ ಅಲ್ಲ. ನಮ್ಮ ಅಜ್ಜಿ ಒಂದು ಕುಲಾವಿಯನ್ನೂ ಮಾರಿದವರಲ್ಲ. ಕೇಳಿದರೆ ಅವರೂ, "ಟೈಮ್ ಪಾಸ್ ಮಾಡ್ತಿದ್ದೆ" ಎಂದೇ ಹೇಳಿಯಾರು.

ಈಗ ಆನೆಗೆ ತಲೆ ಬಂದಿದೆ. 36 ಕುಣಿಕೆಯನ್ನು ಇಳಿಸುತ್ತ ಬಂದು 8 ಉಳಿಸಿಕೊಂಡರೆ ಸೊಂಡಿಲಿನ ಕೊಳವೆ. ಅದನ್ನು ಹೆಣೆಯುವ ಮೊದಲೇ ಹಳೆಯ ದಿಂಬಿನ ಬೂರುಗದ ಹತ್ತಿ ತುಂಬಬೇಕು. ಆಮೇಲೆ ಬೆರಳು ಹೋಗುವುದಿಲ್ಲ. ಕಿವಿ ಮಾತ್ರ ಚಪ್ಪಟೆ, ಅಲ್ಲಿ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಕಾಲುಗಳನ್ನೂ ಅಜ್ಜಿ ಹೊಲಿದು ಅಂಟಿಸುವುದಿಲ್ಲ. ಹೊಟ್ಟೆಯ ಕುಣಿಕೆಗಳನ್ನೇ ಎತ್ತಿಕೊಂಡು ಅಲ್ಲಿಂದಲೇ ಕಾಲು ಬೆಳೆಸುತ್ತಾರೆ. ಒಂದೊಂದಕ್ಕೆ 12 ಸುತ್ತು.

ಮೂರು ಕಾಲು ನಾನು ಹೆಣೆದೆ, ಮುಂದಿನ ಎಡಗಾಲು ಅಜ್ಜಿ. ಸುತ್ತುಗಳನ್ನು ಅವರು ಬಾಯಲ್ಲೇ ಎಣಿಸುತ್ತಿದ್ದರು. ಹತ್ತಕ್ಕೆ ಬಂದು ನಿಂತರು. ಕಿಟಕಿಯ ಕಡೆ ನೋಡಿ ಮತ್ತೆ ಎಂಟರಿಂದ ಶುರು ಮಾಡಿದರು. ನಾನು ಹೇಳಲಿಲ್ಲ. ಮುಗಿದ ಮೇಲೆ ಆನೆಯನ್ನು ನೆಲದ ಮೇಲೆ ನಿಲ್ಲಿಸಿದರೆ ಅದು ಒಂದು ಹೆಜ್ಜೆ ಮುಂದಿಡಲು ಹೊರಟಂತೆ ವಾಲಿತು.

"ಉದ್ದ ಆತೇನೋ?" ಎಂದರು.

"ಎರಡು ಸುತ್ತು, ಅಜ್ಜಿ. ಬಿಚ್ಚಿ ಸರಿ ಮಾಡ್ಲಾ?"

ಅವರು ಆನೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು. "ಬಿಚ್ಚಬ್ಯಾಡ."

ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆದೆ: ಹಿಂಗಾಲು ಎರಡು, 12 ಸುತ್ತು. ಮುಂದಿನ ಬಲಗಾಲು, 12 ಸುತ್ತು. ಮುಂದಿನ ಎಡಗಾಲು, 14 ಸುತ್ತು.