ಡ್ರೆಸ್ಡೆನ್ನಿನ ಸೇತುವೆ ಮತ್ತು ಕಳೆದುಹೋದ ಬಿರುದು

2006ರ ಜುಲೈ ತಿಂಗಳಿನಲ್ಲಿ ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಸಮಿತಿ ಸಭೆ ಸೇರಿತ್ತು. ತುಂಗಭದ್ರೆಯ ಮೇಲೆ ಕಟ್ಟುತ್ತಿದ್ದ ಸೇತುವೆಗಳ ಕಾರಣದಿಂದ 1999ರಲ್ಲಿ ‘ಅಪಾಯದಲ್ಲಿರುವ ತಾಣಗಳ’ ಪಟ್ಟಿಗೆ ಸೇರಿದ್ದ ನಮ್ಮ ಹಂಪಿಯನ್ನು ಆ ಸಭೆ ಪಟ್ಟಿಯಿಂದ ತೆಗೆಯಿತು. ನಮಗೆಲ್ಲ ಸಮಾಧಾನವಾಯಿತು. ಅದೇ ಸಭೆ ಅದೇ ಪಟ್ಟಿಗೆ ಹೊಸದೊಂದು ಹೆಸರನ್ನೂ ಸೇರಿಸಿತು: ಜರ್ಮನಿಯ ಡ್ರೆಸ್ಡೆನ್ ನಗರದ ಎಲ್ಬ್ ನದಿಯ ಕಣಿವೆ. ಅಲ್ಲಿಯೂ ಕಾರಣ ಒಂದು ಸೇತುವೆಯೇ. ಹಂಪಿಯ ಕಥೆ ನಿಮಗೆ ಅಷ್ಟಿಷ್ಟು ಗೊತ್ತಿದೆ. ನಾಯಕತ್ವವನ್ನು ಕುರಿತ ನಮ್ಮ ಮಾತುಕತೆಗೆ ಪೂರಕವಾಗಿ ಈ ಬಾರಿ ಡ್ರೆಸ್ಡೆನ್‌ಗೆ ಹೋಗಿಬರೋಣ.

ಪರಂಪರೆಯ ಬೆಲೆ ತಿಳಿಯದ ಊರು ಅದಲ್ಲ. 1945ರ ಫೆಬ್ರವರಿಯಲ್ಲಿ ನಡೆದ ಬಾಂಬ್ ದಾಳಿಯಲ್ಲಿ ಹಳೆಯ ನಗರ ಸುಟ್ಟು ಬೂದಿಯಾಯಿತು. ಅಲ್ಲಿನ ಪ್ರಸಿದ್ಧ ಚರ್ಚು ಫ್ರೌವೆನ್‌ಕಿರ್ಖೆ ದಶಕಗಳ ಕಾಲ ಕಲ್ಲುಗುಡ್ಡೆಯಾಗಿ ಬಿದ್ದಿತ್ತು. ಜನ ಹಣ ಕೂಡಿಸಿ, ಹಳೆಯ ಕಲ್ಲುಗಳನ್ನೇ ಹೆಕ್ಕಿ ಕಟ್ಟಿ 2005ರಲ್ಲಿ ಅದನ್ನು ಮತ್ತೆ ನಿಲ್ಲಿಸಿದರು. ಅದರ ಹಿಂದಿನ ವರ್ಷ, 2004ರಲ್ಲಿ, ನದಿಯುದ್ದಕ್ಕೂ ಸುಮಾರು 18 ಕಿಲೋಮೀಟರ್ ಹಬ್ಬಿದ ಕಣಿವೆಗೆ ವಿಶ್ವ ಪರಂಪರೆಯ ಬಿರುದು ಬಂದಿತ್ತು. ಅರಮನೆಗಳು, ದ್ರಾಕ್ಷಿ ತೋಟಗಳು, ನಗರದ ನಟ್ಟನಡುವೆಯೇ ಹರಡಿಕೊಂಡ ಅಗಲವಾದ ಹುಲ್ಲುಗಾವಲು ಅಲ್ಲಿವೆ. ನದಿ ಉಕ್ಕಿದಾಗ ನೀರು ನಿಲ್ಲುವುದೂ ಆ ಹುಲ್ಲುಗಾವಲಿನಲ್ಲೇ.

ಆದರೆ ಆ ಬಿರುದಿಗೆ ಅರ್ಜಿ ಹಾಕುವ ಮೊದಲೇ ಸೇತುವೆಯ ಯೋಜನೆ ಕಡತದಲ್ಲಿತ್ತು. ವಾಹನಗಳು ಹೆಚ್ಚಿದ್ದವು, 1893ರಲ್ಲಿ ಕಟ್ಟಿದ ‘ನೀಲಿ ಅದ್ಭುತ’ ಎಂಬ ಉಕ್ಕಿನ ಸೇತುವೆಗೆ ವಯಸ್ಸಾಗಿತ್ತು. ಹೊಸದು ನಾಲ್ಕು ಪಥಗಳ, ಸುಮಾರು 635 ಮೀಟರ್ ಉದ್ದದ ಸೇತುವೆ. ಅದಕ್ಕೆ ಆರಿಸಿದ ವಾಲ್ಡ್‌ಶ್ಲೋಸ್‌ಖೆನ್ ಎಂಬ ಜಾಗದಲ್ಲಿಯೇ ಹುಲ್ಲುಗಾವಲು ಅತ್ಯಂತ ವಿಶಾಲವಾಗಿದ್ದು, ಹಳೆಯ ನಗರದ ಗೋಪುರಗಳು ಒಟ್ಟಿಗೆ ಕಣ್ಣಿಗೆ ಬೀಳುತ್ತಿದ್ದವು. ಹಂಪಿಯಲ್ಲಿ ಒಂದು ವಿದ್ಯುತ್ ಕಂಬವನ್ನು ಚೌಕಟ್ಟಿನಿಂದ ಹೊರಗಿಡಲು ನಮ್ಮ ಕ್ಯಾಮೆರಾ ತಂಡ ಅರ್ಧ ದಿನ ಒದ್ದಾಡಿದ್ದನ್ನು ಕಂಡವನು ನಾನು. ಕಂಬವನ್ನಾದರೂ ತಪ್ಪಿಸಬಹುದು, ಸೇತುವೆಯನ್ನು ಹೇಗೆ ತಪ್ಪಿಸುವುದು?

ಯುನೆಸ್ಕೋದ ಕಡೆಯೂ ತಪ್ಪಿತ್ತು. ತಜ್ಞರ ಮೌಲ್ಯಮಾಪನ ವರದಿಯಲ್ಲಿ ಸೇತುವೆಯ ಪ್ರಸ್ತಾಪವಿತ್ತು, ಆದರೆ ಅದು ನಗರಕ್ಕಿಂತ ಕೆಳಗೆ, ನದಿ ಹರಿಯುವ ದಿಕ್ಕಿನಲ್ಲಿ ಬರುತ್ತದೆಂದು ಬರೆದಿತ್ತು. ನಿಜವಾಗಿ ಅದು ಬರುತ್ತಿದ್ದದ್ದು ನಗರಕ್ಕಿಂತ ಮೇಲೆ. ವಿಜ್ಞಾನ ಓದಿದ ನನಗೆ ಇದು ಪ್ರಯೋಗಾಲಯದಲ್ಲಿ ಧನ ಚಿಹ್ನೆಯ ಬದಲು ಋಣ ಚಿಹ್ನೆ ಬರೆದಂತೆ ಕಾಣುತ್ತದೆ. ಉಳಿದ ಲೆಕ್ಕವೆಲ್ಲ ಸರಿಯಿದ್ದರೂ ಉತ್ತರ ತಪ್ಪು.

2005ರ ಫೆಬ್ರವರಿ 27ರಂದು ಜನಮತ ಸಂಗ್ರಹ ನಡೆಯಿತು. ಶೇಕಡ 50.8ರಷ್ಟು ಮತದಾರರು ಬಂದರು. ಅವರಲ್ಲಿ ಶೇಕಡ 67.9ರಷ್ಟು ಮಂದಿ ಸೇತುವೆ ಬೇಕು ಎಂದರು. ಪ್ರಜಾಪ್ರಭುತ್ವದಲ್ಲಿ ಇದಕ್ಕಿಂತ ಸ್ಪಷ್ಟ ಉತ್ತರ ಇನ್ನೇನು ಬೇಕು ಎಂದು ನೀವು ಕೇಳಬಹುದು. ಉತ್ತರ ಸ್ಪಷ್ಟವಾಗಿತ್ತು, ನಿಜ. ಅರೆಬರೆಯಾಗಿದ್ದದ್ದು ಪ್ರಶ್ನೆ. ಸೇತುವೆ ಬೇಕೇ ಬೇಡವೇ ಎಂದು ಕೇಳಿದರೇ ಹೊರತು, ಸೇತುವೆಯೋ ಸುರಂಗವೋ ಎಂದು ಕೇಳಲಿಲ್ಲ. ಬಿರುದು ಹೋಗಬಹುದೆಂಬ ಎಚ್ಚರಿಕೆಯೂ ಆಗ ಮತದಾರರ ಮುಂದಿರಲಿಲ್ಲ. ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯ ಅಧ್ಯಯನ ನಡೆಸಿ, ಸೇತುವೆ ಕಣಿವೆಯ ನೋಟವನ್ನು ಕೆಡಿಸುತ್ತದೆ ಎಂದು ಹೇಳಿದ್ದು 2006ರಲ್ಲಿ.

ಆಮೇಲೆ ನಗರಸಭೆ ಹಿಂಜರಿಯಿತು. ಸ್ಯಾಕ್ಸನಿ ರಾಜ್ಯದ ಅಧಿಕಾರಿಗಳು ಮಾತ್ರ ಬಿಡಲಿಲ್ಲ: ಜನಮತ ಮೂರು ವರ್ಷ ಕಾನೂನಿನಂತೆ ಬದ್ಧ, ಕಟ್ಟಿಸಿ ಎಂದರು. 2007ರಲ್ಲಿ ನ್ಯಾಯಾಲಯಗಳೂ ಅದನ್ನೇ ಎತ್ತಿಹಿಡಿದವು. ಅಲ್ಲಿಂದ ಮುಂದೆ ಪ್ರತಿಯೊಬ್ಬರಿಗೂ ತೋರಿಸಲು ಒಂದು ಬೆರಳು ಸಿಕ್ಕಿತು. ನಗರ ರಾಜ್ಯವನ್ನು ತೋರಿಸಿತು, ರಾಜ್ಯ ಮತದಾರರನ್ನು ತೋರಿಸಿತು. ಫ್ರೌವೆನ್‌ಕಿರ್ಖೆಗೆ ತಮ್ಮ ನೊಬೆಲ್ ಬಹುಮಾನದ ಹಣವನ್ನು ಕೊಟ್ಟಿದ್ದ ವಿಜ್ಞಾನಿ ಗುಂಟರ್ ಬ್ಲೋಬೆಲ್ ಸೇತುವೆಯ ವಿರುದ್ಧ ದನಿಯೆತ್ತಿದರು. ಆದರೂ 2007ರ ಆಗಸ್ಟ್‌ನಲ್ಲಿ ಕೆಲಸವನ್ನು ಕೆಲಕಾಲ ನಿಲ್ಲಿಸಿದ್ದು ನೊಬೆಲ್ ಪುರಸ್ಕೃತರಲ್ಲ, ಪುಟ್ಟ ಬಾವಲಿ! ಲಾಳಮೂತಿಯ ಅಪರೂಪದ ಬಾವಲಿಗಳಿಗೆ ಅಪಾಯವೆಂದು ನ್ಯಾಯಾಲಯ ತಡೆ ಕೊಟ್ಟಿತು. ರಾತ್ರಿ ಹೊತ್ತು ವಾಹನಗಳು ಗಂಟೆಗೆ 30 ಕಿಲೋಮೀಟರ್ ಮೀರಬಾರದು ಎಂಬ ಷರತ್ತಿನೊಡನೆ ನವೆಂಬರ್‌ನಲ್ಲಿ ಕೆಲಸ ಶುರುವಾಯಿತು.

2009ರ ಜೂನ್ 25ರಂದು ಸ್ಪೇನಿನ ಸೆವಿಲ್ ನಗರದಲ್ಲಿ ಸಮಿತಿ ಡ್ರೆಸ್ಡೆನ್ನಿನ ಹೆಸರನ್ನು ಅಳಿಸಿಹಾಕಿತು. ಬಿರುದು ಕಳೆದುಕೊಂಡ ತಾಣಗಳಲ್ಲಿ ಇದು ಎರಡನೆಯದು. 2007ರಲ್ಲಿ ಒಮಾನ್ ದೇಶದ ಓರಿಕ್ಸ್ ಅಭಯಾರಣ್ಯ ಮೊದಲನೆಯದು, 2021ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಮೂರನೆಯದು. ಸೇತುವೆ 2013ರ ಆಗಸ್ಟ್‌ನಲ್ಲಿ ತೆರೆಯಿತು.

ಬೇರೆ ದಾರಿ ಇರಲಿಲ್ಲವೇ? ಅದೇ ಜರ್ಮನಿಯ ಕಲೋನ್ ನಗರವನ್ನು ನೋಡಿ. ಮಹಾಚರ್ಚಿನ ಎದುರು ದಡದಲ್ಲಿ ಎತ್ತರದ ಕಟ್ಟಡಗಳ ಸಾಲನ್ನೇ ಎಬ್ಬಿಸಲು ಹೊರಟು 2004ರಲ್ಲಿ ಅದೂ ಅಪಾಯದ ಪಟ್ಟಿ ಸೇರಿತ್ತು. ಒಂದು ಗೋಪುರ ಎದ್ದೂ ಆಗಿತ್ತು. ಅದನ್ನು ಕೆಡವಲಿಲ್ಲ, ಉಳಿದವನ್ನು ಕೈಬಿಟ್ಟರು. 2006ರಲ್ಲಿ ಹಂಪಿಯ ಜೊತೆಯಲ್ಲೇ ಕಲೋನ್ ಪಟ್ಟಿಯಿಂದ ಹೊರಬಂತು. ಆಗಿಹೋದದ್ದನ್ನು ಒಪ್ಪಿಕೊಂಡು ಮುಂದಿನದನ್ನು ನಿಲ್ಲಿಸಲು ಧೈರ್ಯ ಬೇಕು. ಡ್ರೆಸ್ಡೆನ್ನಿನಲ್ಲಿ ನನಗೆ ಕಾಣದಿರುವುದು ಅದೇ. ಹಾಗೆಂದು ನಾವು ಬೀಗುವಂತೆಯೂ ಇಲ್ಲ. ಪಟ್ಟಿಯಿಂದ ಹಂಪಿ ಹೊರಬಂದ ಮೇಲೂ ಆನೆಗೊಂದಿಯ ಸೇತುವೆಯ ಕೆಲಸ ಮುಂದುವರಿದು, 2009ರ ಜನವರಿ 22ರಂದು ಅದು ಕುಸಿದು ಬಿತ್ತು. ಕೆಲಸದಲ್ಲಿದ್ದ ಕಾರ್ಮಿಕರು ಪ್ರಾಣ ಕಳೆದುಕೊಂಡರು.

ಡ್ರೆಸ್ಡೆನ್ನಿನ ಕಥೆ ಅಲ್ಲಿಗೂ ಮುಗಿಯಲಿಲ್ಲ. ಸೇತುವೆಗೆ ಅನುಮತಿ ಕೊಡುವಾಗ ಪರಿಸರದ ಪರಿಶೀಲನೆ ಸರಿಯಾಗಿ ನಡೆದಿರಲಿಲ್ಲ ಎಂದು 2016ರಲ್ಲಿ ಜರ್ಮನಿಯ ಉನ್ನತ ಆಡಳಿತ ನ್ಯಾಯಾಲಯ ಹೇಳಿತು. ಸೇತುವೆ ಮಾತ್ರ ಉಳಿಯಿತು. 2024ರ ಸೆಪ್ಟೆಂಬರ್ 11ರ ಬೆಳಗಿನ ಜಾವ ನಗರದ ಮತ್ತೊಂದು ಸೇತುವೆ, ಕರೋಲಾ, ಭಾಗಶಃ ನದಿಗೆ ಕುಸಿಯಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಅದರ ವಾಹನಗಳು ಉಳಿದ ಸೇತುವೆಗಳತ್ತ ತಿರುಗಿದವು, ವಾಲ್ಡ್‌ಶ್ಲೋಸ್‌ಖೆನ್ ಸೇತುವೆಯತ್ತಲೂ. ನದಿ ದಾಟಲು ಇನ್ನೊಂದು ದಾರಿ ಬೇಕು ಎಂದು 2005ರಲ್ಲಿ ಮತ ಹಾಕಿದವರು ಮೂರ್ಖರಾಗಿರಲಿಲ್ಲ ಎಂಬುದಕ್ಕೆ ಇದೂ ಸಾಕ್ಷಿ. ಆದರೆ ಅಲ್ಲಿ ಸುರಂಗವಿದ್ದಿದ್ದರೂ ಆ ವಾಹನಗಳು ನದಿ ದಾಟುತ್ತಿದ್ದವು.