ಕೌದಿಯ ಒಳಪದರು

ಧಾರವಾಡ ಸೀಮೆ ಹತ್ತಿಯ ಸೀಮೆ. ಆದರೆ ಹತ್ತಿ ಬೆಳೆದ ಒಕ್ಕಲಿಗನ ಹಾಸಿಗೆಯಲ್ಲಿ ಹತ್ತಿ ಇರುತ್ತಿರಲಿಲ್ಲ. ಬೆಳೆದದ್ದೆಲ್ಲ ಅಂಡಿಗೆ ಕಟ್ಟಿ ಪೇಟೆಗೆ, ಅಲ್ಲಿಂದ ಘಟ್ಟ ಇಳಿದು ಕುಮಟಾ ಬಂದರಿಗೆ. ಈ ಭಾಗದ ನಾಟಿ ಹತ್ತಿಗೆ ವ್ಯಾಪಾರಿಗಳ ಬಾಯಲ್ಲಿ 'ಕುಮಟಾ' ಎಂದೇ ಹೆಸರು ಬಿದ್ದದ್ದು ಹಾಗೆ. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ಬೀಜ ತರಿಸಿ ಇಲ್ಲಿಯ ಎರೆಹೊಲಗಳಲ್ಲಿ ಬಿತ್ತಿಸಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡು ಲ್ಯಾಂಕಾಶೈರಿನ ಗಿರಣಿಗಳಿಗೆ ಮಾಲು ನಿಂತಾಗ ನಮ್ಮ ಹತ್ತಿಯ ದರ ಮುಗಿಲಿಗೇರಿತು. ಹತ್ತಿ ಅಂದರೆ ರೊಕ್ಕ. ಪಿಂಜಾರರನ್ನು ಕರೆಸಿ, ಹಿಂಜಿಸಿ, ಗಾದಿ ತುಂಬಿಸುವುದು ದೇಸಾಯರು, ಸಾಹುಕಾರರ ಮನೆಯ ಮಾತು. ಉಳಿದವರು ಹಾಸಿದ್ದೂ ಕೌದಿ, ಹೊದ್ದದ್ದೂ ಕೌದಿ.

ನಾನು ಇಳಕಲ್ ಕಡೆಯ ಮಗಳು, ನರಗುಂದದ ಸೊಸೆ. ಮಾಸ್ತರಿಕೆಯಿಂದ ನಿವೃತ್ತಳಾದ ಮೇಲೆ ಮಧ್ಯಾಹ್ನದ ಊಟ ಮುಗಿಸಿ ಪಡಸಾಲೆಯಲ್ಲಿ ಕೌದಿ ಹರವಿಕೊಂಡು ಕೂಡುತ್ತೇನೆ. ಮೊಮ್ಮಗ ಅದರ ಕೆಳಗೆ ಹೊಕ್ಕು ಗುಹೆ ಮಾಡಿಕೊಳ್ಳುತ್ತಾನೆ. ನಮ್ಮ ಮನೆಯವರು ಪೇಪರಿನ ಹಿಂದಿನಿಂದ "ಸೂಜಿ ಎಲ್ಲೈತಿ ನೋಡ್ಕೋ" ಅನ್ನುತ್ತಿರುತ್ತಾರೆ. ಬೆಂಗಳೂರಿನ ಮಗ ಆನ್‌ಲೈನಿನಲ್ಲಿ ಕಂಫರ್ಟರ್ ತರಿಸಿಕೊಟ್ಟಿದ್ದಾನೆ. ಅದು ಅಟ್ಟದ ಮೇಲೆ ಆರಾಮಾಗಿದೆ.

ಇತಿಹಾಸ ಕಲಿಸಿದವಳಾದ್ದರಿಂದ ನನಗೊಂದು ತಕರಾರು ಇದೆ. ಕಸೂತಿಗೆ ಇತಿಹಾಸ ಬರೆದರು, ಇಳಕಲ್ ಸೀರೆಗೆ ಬರೆದರು, ಪಕ್ಕದ ನವಲಗುಂದದ ಜಮಖಾನೆಗೂ ಬರೆದರು. ಮೂರಕ್ಕೂ ಜಿ.ಐ. ಮಾನ್ಯತೆ ಸಿಕ್ಕಿತು. ಕೌದಿಯ ಬಗ್ಗೆ ಬರೆದದ್ದು ಅತಿ ಕಡಿಮೆ. ಕಾರಣ ಸರಳ. ಕಸೂತಿ ಸೀರೆ ಟ್ರಂಕಿನಲ್ಲಿ ಉಳಿಯಿತು. ಕೌದಿಯ ಮೇಲೆ ಮಲಗಿದೆವು, ಮಕ್ಕಳು ಉಚ್ಚೆ ಹೊಯ್ದರು, ಒಗೆದೆವು, ಬಡಿದೆವು, ಹರಿಯಿತು. ಹರಿದದ್ದು ಚಕ್ಕಡಿಯಲ್ಲಿ ಹಾಸಲಿಕ್ಕೆ ಹೋಯಿತು, ಅಲ್ಲಿಂದ ಹೊಟ್ಟಿನ ಮೇಲೆ ಮುಚ್ಚಲಿಕ್ಕೆ. ವಸ್ತುಸಂಗ್ರಹಾಲಯದಲ್ಲಿಡಲು ಉಳಿಯುವುದೇನು?

ಉಳಿಯುವುದು ಒಳಗೆ. ಹಳೆ ಕೌದಿಯನ್ನು ಜಾಣೆಯಾದವಳು ಎಸೆಯುವುದಿಲ್ಲ. ಅದನ್ನೇ ನಡುಪದರು ಮಾಡಿ ಮೇಲೊಂದು ಕೆಳಗೊಂದು ಹೊಸ ಹೊದಿಕೆ ಕೊಟ್ಟು ಮತ್ತೆ ಟಾಕಿ ಹಾಕುತ್ತಾಳೆ. ನಮ್ಮ ಅತ್ತೆಯವರ ಕೌದಿಯೊಂದನ್ನು ಇಲಿ ಕಡಿದಿತ್ತು. ದುರಸ್ತಿಗೆಂದು ಬ್ಲೇಡಿನಿಂದ ಒಂದು ಬದಿಯ ಹೊಲಿಗೆ ಬಿಡಿಸಿದಾಗ ಮೊದಲು ಸಿಕ್ಕದ್ದು ಮಾವನವರ ಟೆರಿಕಾಟ್ ಪ್ಯಾಂಟಿನ ತುಂಡುಗಳು, ಪಾಲಿಸ್ಟರ್ ಸೀರೆಯ ಹೂವು. ಬಣ್ಣ ಇನ್ನೂ ಹೊಚ್ಚ ಹೊಸದು, ಆದರೆ ಅಂಚಿನಲ್ಲಿ ಟಾಕಿಯೆಲ್ಲ ಜಾರಿ ಸಡಿಲಾಗಿದ್ದವು. ಪಾಲಿಸ್ಟರ್ ದಾರವನ್ನು ಹಿಡಿದುಕೊಳ್ಳುವುದಿಲ್ಲ, ಬೆವರನ್ನೂ ಹೀರುವುದಿಲ್ಲ. ಅದರ ಕೆಳಗೆ ಜನತಾ ಧೋತರ. 1976ರಲ್ಲಿ ಕೇಂದ್ರ ಸರಕಾರ ಬಡವರಿಗೆ ಅಗ್ಗದ ಕೈಮಗ್ಗದ ಬಟ್ಟೆ ಕೊಡುವ ಜನತಾ ಬಟ್ಟೆ ಯೋಜನೆ ತಂದಿತು. ನಮ್ಮಲ್ಲಿ ಕೈಮಗ್ಗ ಅಭಿವೃದ್ಧಿ ನಿಗಮ ಅದನ್ನು ನೇಕಾರರಿಂದ ನೇಯಿಸುತ್ತಿತ್ತು. ಜನತಾ ಸೀರೆ ಉಟ್ಟು ಬಂದವರನ್ನು ನೋಡಿ ನಗುವವರೂ ಇದ್ದರು. ಕೌದಿಯೊಳಗೆ ಮಾತ್ರ ಅದು ಮೆತ್ತಗೆ, ಗಟ್ಟಿಯಾಗಿ ಕೂತಿತ್ತು.

ಇನ್ನೂ ಕೆಳಗಿತ್ತು ಒಂದು ಒರಟು ಬಟ್ಟೆ, ಕೋರಾ ಬಣ್ಣದ್ದು. ಅಂಚಿನಲ್ಲಿ ಮಾಸಿದ ಶಾಯಿಯ ಗುರುತು, ಓದಲು ಬಾರದಷ್ಟು. ನಮ್ಮ ಮನೆಯವರ ಸೋದರತ್ತೆ ಆಗ ಬದುಕಿದ್ದರು. ಕಣ್ಣು ಮಂದಾಗಿತ್ತು, ಬಟ್ಟೆಯನ್ನು ಬೆರಳಿನಲ್ಲಿ ತಿಕ್ಕಿ ನೋಡಿದರು.

"ಇದು ಕಂಟ್ರೋಲ್ ಅರಬಿ ಐತಿ ನೋಡವಾ. ನಮ್ಮವ್ವ ಸಾಲ್ಯಾಗ ನಿಂತು ತಂದಿದ್ಲು."

"ಯಾವಾಗರೀ ಅತ್ತಿ?"

"ಯಾವಾಗ ಅಂದ್ರ? ಕಂಟ್ರೋಲ್ ಕಾಲದಾಗ!"

ಕಂಟ್ರೋಲ್ ಕಾಲ ಅಂದರೆ ಎರಡನೆಯ ಮಹಾಯುದ್ಧ. ಗಿರಣಿಗಳ ಬಟ್ಟೆ ಸೈನ್ಯದ ಪಾಲಾಗಿ ಪೇಟೆಯಲ್ಲಿ ಕೊರತೆ ಬಿದ್ದು, ದರ ವಿಪರೀತ ಏರಿದಾಗ 1943ರಲ್ಲಿ ಬಟ್ಟೆ-ನೂಲಿನ ನಿಯಂತ್ರಣ ಆಜ್ಞೆ ಬಂತು. ಮುಂದೆ ಬಟ್ಟೆಗೂ ರೇಶನ್ ಬಂತು. ಪಾಠದ ಪುಸ್ತಕದಲ್ಲಿ ಇದು ಒಂದು ಸಾಲು, ಅದೂ ಎಲ್ಲ ಪುಸ್ತಕಗಳಲ್ಲಿ ಇಲ್ಲ. ಆ ವರ್ಷಗಳಲ್ಲಿ ನಮ್ಮ ಕಡೆ ಹೆಣ್ಣುಮಕ್ಕಳು ಏನುಟ್ಟರು, ಒಂದೇ ಸೀರೆಯನ್ನು ಅರ್ಧ ಉಟ್ಟು ಅರ್ಧ ಒಣಗಿಸಿದರೇ ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಆ ಕೌದಿಯಲ್ಲಿ ಮಾತ್ರ ಕಂಟ್ರೋಲ್ ಬಟ್ಟೆಯ ತುಂಡುಗಳು ಅಂಗೈಯಗಲ, ಎರಡು ಬೆರಳಗಲ ಇದ್ದವು. ಮೇಲಿನ ಟೆರಿಕಾಟ್ ತುಂಡುಗಳು ಮೊಳದುದ್ದ. ಬಡತನವನ್ನು ಗಜಕೋಲಿನಲ್ಲಿ ಅಳೆಯಬಹುದಾದ ಜಾಗ ಅದೊಂದೇ.

ತೀರ ತಳದಲ್ಲಿ ಇಳಕಲ್ ಸೀರೆ. ಒಡಲು ಹತ್ತಿಯದು, ಸೆರಗು ಕೆಂಪು ರೇಷ್ಮೆಯ ಟೋಪ ತೆನಿ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವುದು ನಮ್ಮೂರ ನೇಕಾರರ ಹೆಚ್ಚುಗಾರಿಕೆ. ಸೆರಗಿನ ರೇಷ್ಮೆ ಮಡಿಕೆಗಳಲ್ಲಿ ಪುಡಿಯಾಗಿತ್ತು, ಒಡಲು ಜಾಳಾಗಿತ್ತು, ಕೊಂಡಿ ಮಾತ್ರ ಬಿಟ್ಟಿರಲಿಲ್ಲ. ಅದನ್ನು ಅಲ್ಲಿಯೇ ಬಿಟ್ಟು ಮತ್ತೆ ಹೊಲಿದೆ.

ಕೌದಿ ಹೊಲಿಯುವುದು ಮನೆಯ ಹೆಂಗಸರ ಕೆಲಸ ಮಾತ್ರವಾಗಿರಲಿಲ್ಲ. ಸುಗ್ಗಿ ಮುಗಿದು ಬಿಸಿಲೇರುವ ಹೊತ್ತಿಗೆ ಗೊಂದಲಿಗರ ಹೆಣ್ಣುಮಕ್ಕಳು ಓಣಿಯಲ್ಲಿ "ಕೌದಿ ಹೊಲಸ್ತೀರೇನ್ರೀ ಯವ್ವಾ" ಎಂದು ಕೂಗುತ್ತ ಬರುತ್ತಿದ್ದರು. ಅವರ ಗಂಡಸರು ರಾತ್ರಿ ಸಂಬಾಳ ಬಾರಿಸಿ ಅಂಬಾಭವಾನಿಯ ಗೊಂದಲ ಹಾಕುವವರು. ಹೆಂಗಸರು ಹಗಲು ಕಟ್ಟೆಯ ಮೇಲೆ ಕೂತು ಅಂಚಿನಿಂದ ಹೊರಟು ಚೌಕಾಕಾರವಾಗಿ ಸುತ್ತುತ್ತ ನಡುವಿಗೆ ಬರುವರು. ಕೂಲಿ ಅಂದರೆ ಸೇರುಗಳ ಲೆಕ್ಕದ ಜೋಳ, ಒಂದು ಊಟ, ಮೇಲೊಂದು ಹಳೆ ಕುಪ್ಪಸ. ಅವರು ಬಂದರೆ ಅತ್ತೆಯವರೂ ಸೂಜಿ ಹಿಡಿದು ಎದುರಿಗೆ ಕೂಡುತ್ತಿದ್ದರು. ಕೌದಿ ಉಳಿದದ್ದು ಮನೆಗಿಂತ ಹೆಚ್ಚಾಗಿ ಇವರ ಬೆರಳುಗಳಲ್ಲಿ ಎಂಬುದು ನನ್ನ ಅಭಿಪ್ರಾಯ. ಅವರ ಹೆಸರನ್ನು ಮಾತ್ರ ಯಾವ ಮನೆಯವರೂ ಕೇಳಲಿಲ್ಲ, ನಮ್ಮ ಮನೆಯವರೂ ಸೇರಿ.

ಅದೇ ಕೈಗಳಿಂದ ಬಂದವು ಕೂಸಿನ ಕುಂಚಿಗಿ, ಎಲೆಅಡಿಕೆಯ ಸಂಚಿ, ಎತ್ತಿನ ಝೂಲ. ಗುಳೇದಗುಡ್ಡದ ಖಣದ ಚೂರು ಇವಕ್ಕೆಲ್ಲ ಒಪ್ಪುತ್ತಿತ್ತು. ಸತ್ತವರ ಬಟ್ಟೆಯನ್ನು ಕೆಲವರು ಕೌದಿಗೆ ಹಾಕುವುದಿಲ್ಲ, ದಾನ ಕೊಟ್ಟುಬಿಡುತ್ತಾರೆ. ನಮ್ಮ ಅತ್ತೆ ಮಾವನವರ ಧೋತರ ಹಾಕಿದರು, ಯಾರನ್ನೂ ಕೇಳಲಿಲ್ಲ.

ದಸರೆಯ ಮುಂದೆ ಹಾಸಿಗೆ ಒಗೆಯುವ ರೂಢಿ ಇತ್ತು, ಈಗಲೂ ಇದೆ. ಚಕ್ಕಡಿಯಲ್ಲಿ ಕೌದಿ ಹೇರಿಕೊಂಡು ಕೊಣ್ಣೂರಿನ ಹತ್ತಿರ ಮಲಪ್ರಭೆಗೆ ಹೋಗುವುದು. ನೀರು ಕುಡಿದ ಕೌದಿಯನ್ನು ಒಬ್ಬರಿಂದ ಎತ್ತಲಾಗುವುದಿಲ್ಲ. ಇಬ್ಬರು ಎದುರುಬದುರು ನಿಂತು ಹಿಂಡಬೇಕು. ಅತ್ತೆ-ಸೊಸೆ ಮಾತು ಬಿಟ್ಟಿದ್ದರೂ ಆ ದಿನ ಕೂಡಿ ಹಿಂಡಲೇಬೇಕಾಗುತ್ತಿತ್ತು.

ಕೆಲವು ಕಾಲ ಮುಂಡಗೋಡದ ಸಾಲೆಯಲ್ಲಿದ್ದೆ. ಅಲ್ಲಿ ಸಿದ್ದಿ ಹೆಣ್ಣುಮಕ್ಕಳ ಹೊಲಿಗೆ ನೋಡಿದೆ. ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ತಪ್ಪಿಸಿಕೊಂಡೋ ಬಿಡುಗಡೆ ಪಡೆದೋ ಕಾಡು ಸೇರಿದವರ ಸಂತತಿ ಇವರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲೂಕುಗಳಲ್ಲಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. ಇವರು ಕೌದಿಗೆ ಕವಂದಿ ಅನ್ನುತ್ತಾರೆ. ಅದೂ ಅಂಚಿನಿಂದ ಸುತ್ತಿ ನಡುವಿಗೆ ಬರುತ್ತದೆ. ಆದರೆ ಹಳದಿಯ ಪಕ್ಕ ನೀಲಿ, ಕೆಂಪಿನ ಪಕ್ಕ ಹಸಿರು ಇಡಲು ಅವರಿಗೆ ಯಾವ ಹಿಂಜರಿಕೆಯೂ ಇಲ್ಲ. ಮುಗಿಸುವಾಗ ನಾಲ್ಕು ಮೂಲೆಗೂ ಬಣ್ಣದ ಚೂರನ್ನು ಮುಕ್ಕೋನವಾಗಿ ಮಡಿಸಿ 'ಫೂಲ' ಹೊಲಿಯುತ್ತಾರೆ. ಫೂಲ ಇಲ್ಲದ ಕವಂದಿ ಬೆತ್ತಲೆ ಎಂಬುದು ಅವರ ಮಾತು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳನ್ನು ಅಭ್ಯಾಸ ಮಾಡಿ ತಮ್ಮ ದೇಶದಲ್ಲಿ ಪ್ರದರ್ಶಿಸಿದ ಮೇಲೆ ಕವಂದಿಗೆ ಹೊರಗೆ ಹೆಸರಾಯಿತು. ಅದರ ಬಣ್ಣದಲ್ಲಿ ಆಫ್ರಿಕ ಕಾಣುತ್ತದೆ ಎನ್ನುವವರಿದ್ದಾರೆ. ಇರಬಹುದು. ಸೂಜಿ ಹಿಡಿಯುವ ರೀತಿ ಮಾತ್ರ ನಮ್ಮ ಓಣಿಯದೇ ಎಂದು ನನಗೆ ಅನ್ನಿಸಿತು. ಅಲ್ಲಿಂದ ಬಂದ ಮೇಲೆ ನನ್ನ ಕೌದಿಗಳಿಗೂ ಮೂಲೆಯಲ್ಲಿ ಫೂಲ ಇರುತ್ತದೆ.

ಈಗ ದೊಡ್ಡ ಊರುಗಳ ಅಂಗಡಿಗಳಲ್ಲಿ ಕೌದಿಗೆ ಸಾವಿರಗಟ್ಟಲೆ ದರ. ಹೊಸ ಬಟ್ಟೆ ಕತ್ತರಿಸಿ, ತುಂಡು ಮಾಡಿ, ಹಳೆಯದರಂತೆ ಕಾಣಿಸುತ್ತಾರೆ. ಹೊಲಿದವಳಿಗೆ ಕೂಲಿ ಬಂದರೆ ನನ್ನದೇನೂ ಅಡ್ಡಿಯಿಲ್ಲ. ಆದರೆ ಯಾರೂ ಉಡದ ಬಟ್ಟೆಯಿಂದ ಹೊಲಿದದ್ದು ಹೊದಿಕೆ ಆದೀತು, ಕೌದಿ ಆಗಲಾರದು. ನನ್ನ ಈಗಿನ ಕೌದಿಯಲ್ಲಿ ನನ್ನ ಹಳೆ ನೈಟಿಗಳಿವೆ (ಕೌದಿಗೆ ಇದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ), ಸಾಲೆಗೆ ಉಟ್ಟ ಕಾಟನ್ ಸೀರೆಗಳಿವೆ, ಮೊಮ್ಮಗನ ಯುನಿಫಾರ್ಮ್ ಇದೆ. ಮಗನ ಜೀನ್ಸ್ ಹಾಕಲು ಹೋದರೆ ಸೂಜಿ ಮುರಿಯಿತು, ಬಿಟ್ಟೆ.

ಒಂದು ಕೆಲಸ ಹೊಸದಾಗಿ ರೂಢಿಸಿಕೊಂಡಿದ್ದೇನೆ. ಮೂಲೆಯಲ್ಲೊಂದು ಬಿಳಿ ತುಂಡಿಟ್ಟು ಅದರ ಮೇಲೆ ಇಸವಿಯನ್ನೂ ಹೊಲಿದವರ ಹೆಸರನ್ನೂ ದಾರದಲ್ಲಿ ಬರೆಯುತ್ತೇನೆ. ನಿಮ್ಮ ಮನೆಯ ಅಟ್ಟದ ಮೇಲೆ ಹಳೆ ಕೌದಿ ಇದ್ದರೆ ಅದನ್ನು ಎಸೆಯುವ ಮುನ್ನ ಇಳಿಸಿ, ಮನೆಯ ಹಿರಿಯರ ಮುಂದೆ ಹರವಿ. ಯಾವ ತುಂಡು ಯಾರದು, ಹೊಲಿದವರು ಯಾರು ಎಂದು ಕೇಳಿ ಬರೆದುಕೊಳ್ಳಿ. ಓಣಿಯಲ್ಲಿ ಕೌದಿಯವಳು ಕೂಗಿದರೆ ಕರೆದು ಕೆಲಸ ಕೊಡಿ, ಪೂರ್ತಿ ಕೂಲಿ ಕೊಡಿ, ಅವಳ ಹೆಸರನ್ನೂ ಕೇಳಿ.