ಚಾವಣಿಯ ಮೇಲಣ ಕಲ್ಲು

ಯಳಂದೂರು ಸೀಮೆಯ ಹೊನ್ನೂರಿನಂತಹ ಗ್ರಾಮಗಳಲ್ಲಿ ಚೈತ್ರ ವೈಶಾಖಗಳ ಸಂಜೆ ಏಳುವ ಗಾಳಿಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾದುದಿಲ್ಲ. ಮಧ್ಯಾಹ್ನದವರೆಗೆ ಎಲೆಯೂ ಅಲುಗದು. ಅನಂತರ ಬಿಳಿಗಿರಿರಂಗನ ಬೆಟ್ಟದ ಮೇಲೆ ಮುಗಿಲು ಕವಿದು, ಮಳೆಗೆ ಮುಂಚೆ ಗಾಳಿ ನುಗ್ಗುವುದು. ಬಾಳೆಯ ತೋಟ ಮಲಗುವುದೂ ಅಂಗಡಿಯ ತಗಡು ಹಾರುವುದೂ ಆ ಅರ್ಧ ಗಳಿಗೆಯಲ್ಲಿಯೇ. ತಗಡಿನ ಚಾವಣಿಗಳ ಮೇಲೆ ಸಾಲಾಗಿ ಕಲ್ಲು ಹೇರಿರುವುದನ್ನು ವಾಚಕರು ಕಂಡಿರಬಹುದು. ಆ ಕಲ್ಲಿಗೂ ಒಂದು ಚರಿತ್ರೆಯುಂಟು. ಅಂಗಡಿಯನ್ನೋ ಉಗ್ರಾಣವನ್ನೋ ಕಟ್ಟಿಸುವವರು ಅದನ್ನರಿತಿರುವುದು ಲೇಸು.

ನಮ್ಮ ಹಿರಿಯರ ಚಾವಣಿ ತನ್ನ ಭಾರದಿಂದಲೇ ನಿಂತಿತ್ತು. ೧೮೦೭ರಲ್ಲಿ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಕಾಲದಲ್ಲಿ ತಗಡೆಂಬುದು ಇನ್ನೂ ಹುಟ್ಟಿರಲಿಲ್ಲ. ಹುಲ್ಲು, ನಾಡಹೆಂಚು, ಮಣ್ಣಿನ ಮಾಳಿಗೆ, ಇವಿಷ್ಟೇ ನಾಡಿನವರು ಬಲ್ಲ ಹೊದಿಕೆ. (ನೆರೆಯ ಕೊಳ್ಳೇಗಾಲವು ೧೯೫೬ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಆದರೆ ಗಾಳಿಗೆ ಆ ಗಡಿ ತಿಳಿದಿರಲಿಲ್ಲ.) ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಆ ಹೆಂಚು ಒಂದಕ್ಕೊಂದು ಕಚ್ಚಿಕೊಳ್ಳುವುದು, ರೀಪಿಗೆ ತಗಲಿಕೊಳ್ಳುವುದು. ಆದರೂ ಅದನ್ನು ಹಿಡಿದು ನಿಲ್ಲಿಸುವುದು ಮುಖ್ಯವಾಗಿ ತೂಕವೇ. ಒಂದು ಚದರ ಮೀಟರಿಗೆ ಹೊದಿಸಿದ ಹೆಂಚು ಸುಮಾರು ೪೦ ಕಿಲೋಗ್ರಾಂ ತೂಗುವುದು.

ತಗಡಿನ ಜಾತಕ ಬೇರೆ. ೧೮೨೯ರಲ್ಲಿ ಲಂಡನ್ನಿನ ಹೆನ್ರಿ ಪಾಮರ್ ಎಂಬವನು ಕಬ್ಬಿಣದ ತಗಡಿಗೆ ಅಲೆಯಂತೆ ಮಡಿಕೆ ಕೊಡುವ ವಿಧಾನಕ್ಕೆ ಹಕ್ಕು ಪಡೆದನು; ೧೮೩೭ರಲ್ಲಿ ಫ್ರಾನ್ಸಿನ ಸೊರೆಲ್ ಅದಕ್ಕೆ ಸತುವಿನ ಲೇಪವನ್ನು ಕೊಟ್ಟನು. ಅರ್ಧ ಮಿಲಿಮೀಟರು ದಪ್ಪದ ಅಲೆತಗಡು ಚದರ ಮೀಟರಿಗೆ ಸುಮಾರು ೫ ಕಿಲೋಗ್ರಾಂ ಮಾತ್ರ. ತೊಲೆಯ ಖರ್ಚು ಉಳಿಯಿತು, ಕೆಲಸ ಬೇಗನೆ ಮುಗಿಯಿತು. ಆದರೆ ಚಾವಣಿಯನ್ನು ಹಿಡಿದಿದ್ದ ಭಾರವು ಹೊರಟುಹೋಯಿತು; ಅದರ ಸ್ಥಾನದಲ್ಲಿ ಏನಿರಬೇಕೆಂಬ ತಿಳಿವಳಿಕೆ ತಗಡಿನೊಡನೆ ಗಾಡಿಯಲ್ಲಿ ಬರಲಿಲ್ಲ. ಜನರು ಹಳೆಯ ಬುದ್ಧಿಯಂತೆ ಕಲ್ಲನ್ನಿಟ್ಟರು.

ಗಾಳಿಯು ಚಾವಣಿಯನ್ನು ಕೆಳಕ್ಕೆ ಒತ್ತುವುದೆಂದು ಬಹುಕಾಲ ಎಂಜಿನಿಯರುಗಳೂ ನಂಬಿದ್ದರು. ಕೋಪನ್‌ಹೇಗನ್ನಿನ ಇರ್ಮಿಂಗರ್ ೧೮೯೦ರ ದಶಕದಲ್ಲಿ ಸಣ್ಣ ಮಾದರಿಗಳ ಮೇಲೆ ಗಾಳಿಯನ್ನು ಹರಿಸಿ, ಅದು ಚಾವಣಿಯನ್ನು ಮೇಲಕ್ಕೆ ಸೆಳೆಯುವುದನ್ನು ಅಳೆದು ತೋರಿಸಿದನು. ಮುಂಬಾಗಿಲು ಪೂರಾ ತೆರೆದ ಅಂಗಡಿಯಲ್ಲಿ ಒಳಹೊಕ್ಕ ಗಾಳಿ ಕೆಳಗಿನಿಂದಲೂ ನೂಕುವುದು. ಭಾರತೀಯ ಮಾನಕ ಬ್ಯೂರೋ ಮೈಸೂರಿಗೆ ಗೊತ್ತುಮಾಡಿರುವ ಮೂಲ ವೇಗ ಸೆಕೆಂಡಿಗೆ ೩೩ ಮೀಟರು; ದೇಶದಲ್ಲಿ ಇದು ಅತ್ಯಂತ ಕಡಿಮೆಯ ದರ್ಜೆ. ಆದರೂ ಆ ವೇಗದ ಒತ್ತಡ ಚದರ ಮೀಟರಿಗೆ ಸುಮಾರು ೬೫ ಕಿಲೋಗ್ರಾಂ. ಮೂಲೆಗಳಲ್ಲಿಯೂ ಅಂಚುಗಳಲ್ಲಿಯೂ ಸೆಳೆತ ಇದಕ್ಕೂ ಮಿಗಿಲು. ಹತ್ತೆಂಟು ಕಲ್ಲುಗಳು ಇದಕ್ಕೆ ಏನು ಮಾಡಬಲ್ಲವು? ತಗಡು ಒಂದೆಡೆ ಎದ್ದರೆ ಕಲ್ಲು ಉರುಳುವುದು ಬೀದಿಯಲ್ಲಿ ನಿಂತವನ ತಲೆಯ ಮೇಲೆ.

ಆದುದರಿಂದ ಬಂಧನವನ್ನೇ ಆರಿಸಬೇಕು. ಮರದ ತೊಲೆಗೆ ಹೊಡೆದ ಮೊಳೆ ಬರಿಯ ಘರ್ಷಣೆಯಿಂದ ನಿಂತಿರುವುದು. ಮರ ಒಣಗಿ ತಗಡು ಅದುರಿದಂತೆಲ್ಲ ಸಡಿಲವಾಗುವುದು. ಕಬ್ಬಿಣದ ಅಡ್ಡತೊಲೆಯನ್ನು ಸುತ್ತಿ ಹಿಡಿಯುವ ಕೊಕ್ಕೆ ಬೋಲ್ಟು ಹಳೆಯದಾದರೂ ಗಟ್ಟಿ, ನಟ್ಟು ಸಡಿಲವಾಗದಂತೆ ನೋಡಿಕೊಳ್ಳಬೇಕಷ್ಟೆ. ಈಗ ಬಳಕೆಯಲ್ಲಿರುವ ತಾನೇ ಕೊರೆದುಕೊಳ್ಳುವ ತಿರುಪು ಶೀಘ್ರವಾದುದು. ಆದರೆ ತೆಳು ಕೊಳವೆಯಲ್ಲಿ ಅದರ ಎಳೆ ಕಿತ್ತುಬರುವುದು. ಯಾವುದಾದರೂ ಅಗಲವಾದ ಬಿಲ್ಲೆಯೊಂದು ಬೇಕು. ಇಲ್ಲವಾದರೆ ತಿರುಪು ಅಲ್ಲಿಯೇ ಉಳಿದು ತಗಡು ಮಾತ್ರ ಹರಿದುಹೋಗುವುದು.

ಬಿಲ್ಲೆಯೂ ಸಾಲದೆ ಹೋದ ಪ್ರಸಂಗವುಂಟು. ೧೯೭೪ರ ಡಿಸೆಂಬರ್ ೨೫ರಂದು ಆಸ್ಟ್ರೇಲಿಯದ ಡಾರ್ವಿನ್ ನಗರವನ್ನು ಟ್ರೇಸಿ ಎಂಬ ಚಂಡಮಾರುತ ಹೊಡೆಯಿತು. ಗಾಳಿಮಾಪಕ ಕೆಡುವ ಮುನ್ನ ಗಂಟೆಗೆ ೨೧೭ ಕಿಲೋಮೀಟರನ್ನು ದಾಖಲಿಸಿತ್ತು. ತಗಡು ಒಮ್ಮೆಗೇ ಹರಿದಿರಲಿಲ್ಲ. ಗಾಳಿ ಮತ್ತೆ ಮತ್ತೆ ಎತ್ತಿ ಇಳಿಸಿದಾಗ ಬಂಧನದ ಸುತ್ತ ಬಿರುಕು ಬಿಟ್ಟಿತ್ತು. ಬಾಗಿಸಿ ಬಾಗಿಸಿ ತಂತಿಯನ್ನು ಮುರಿಯುವುದು ಹೇಗೋ ಹಾಗೆ. ಅಲ್ಲಿಂದ ಮುಂದೆ ಆ ದೇಶದಲ್ಲಿ ತಗಡನ್ನು ಸಾವಿರಾರು ಬಾರಿ ಜಗ್ಗಿ ಪರೀಕ್ಷಿಸುವ ನಿಯಮವಾಯಿತು.

ನಮ್ಮ ಗಾಳಿ ಅಷ್ಟು ಘೋರವಲ್ಲ, ನಿಜ. ಆದರೆ ನಮ್ಮ ಗಾರೆಕೆಲಸದವರು ತಗಡನ್ನು ಅಡ್ಡತೊಲೆಗೆ ಬಿಗಿದು, ಅಡ್ಡತೊಲೆಯನ್ನು ಇಟ್ಟಿಗೆಗೋಡೆಯ ಮೇಲೆ ಸುಮ್ಮನೆ ಕೂರಿಸಿಬಿಡುವುದುಂಟು. ಹಾಗಾದಾಗ ತಗಡೂ ತೊಲೆಯೂ ಕೂಡಿಯೇ ಹಾರುವುವು. ತೊಲೆಯ ತುದಿಯನ್ನು ಕಬ್ಬಿಣದ ಸಲಾಕೆಯಿಂದ ಗೋಡೆಯ ಕೆಳವರಸೆಗಳಿಗೆ ಹೂಳಿ, ಸೂರಿನಂಚಿನ ಸಾಲಿನಲ್ಲಿ ನಡುವಿನದಕ್ಕಿಂತ ಇಮ್ಮಡಿ ಬೋಲ್ಟುಗಳನ್ನು ಹಾಕಿಸಿದ ಮೇಲೆ, ಆ ಕಲ್ಲುಗಳನ್ನು ಇಳಿಸಿ ಹಿತ್ತಲಿನ ಒಗೆಯುವ ಕಟ್ಟೆಗೆ ಬಳಸಬಹುದು.